ಮೆಜಾರಿಟಿ ಬರುವವರೆಗೆ ಬರಿಗಾಲು

ರಾಯದುರ್ಗದ ಬಸ್ ನಿಲ್ದಾಣದಲ್ಲಿ ಈಗಷ್ಟೇ ಕೇಳಿದ್ದು ಇದು. ನನ್ನ ನೆನಪನ್ನು ನಾನೇ ನಂಬುವುದಿಲ್ಲವಾದ್ದರಿಂದ ಬಳ್ಳಾರಿ ಬಸ್ಸು ಹತ್ತಿದ ಕೂಡಲೇ ಬರೆದುಕೊಳ್ಳುತ್ತಿದ್ದೇನೆ.

ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಅದು ಬಿಳಿಯೋ ಕೆನೆಬಣ್ಣವೋ, ಈಗಲೇ ಅನುಮಾನ. ಕಾಲು ಮಾತ್ರ ಖಂಡಿತ ಬರಿಗಾಲು. ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿತ್ತು. ಅವರ ಹೆಂಡತಿ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಅಷ್ಟು ಜನರ ನಡುವೆ, ಕೊಬ್ಬರಿ ಎಣ್ಣೆ ಸವರುತ್ತಿದ್ದರು.

“ಹೋದ ಎಲೆಕ್ಷನ್ನಾಗ ಇವರ ಪಾರ್ಟಿ ನೆಲಕಚ್ಚಿ ಸೋತ ದಿನ ಚಪ್ಪಲಿ ಬಿಟ್ಟಾರ್ರಿ. ಅಸೆಂಬ್ಲಿಯಾಗ ಮತ್ತ ಮೆಜಾರಿಟಿ ಬರೋತನಕ ಮೆಟ್ಟೋದಿಲ್ಲಂತ. ನೀವು ಓದಿದೋರು, ಹೇಳ್ರಿ, ಮುಂದಿನ ಸಲ ಬರ್ತದೇನು?” ಎಂದು ಆಕೆ ನನ್ನನ್ನು ಕೇಳಿದರು.

ಅಷ್ಟು ಹೀನಾಯವಾಗಿ ಸೋತ ಪಕ್ಷ ಒಂದೇ ಚುನಾವಣೆಯಲ್ಲಿ ಬಹುಮತಕ್ಕೆ ಮರಳುವುದು ಕಷ್ಟವೆಂದೇ ನನ್ನ ಲೆಕ್ಕಾಚಾರ. ಆ ಹಿಮ್ಮಡಿಯನ್ನು ನೋಡುತ್ತ ಅದನ್ನು ಹೇಳಲಾಗಲಿಲ್ಲ.

“ಜನರ ಮನಸ್ಸು ಬದಲಾಗುತ್ತಿರುತ್ತದೆ, ಅಮ್ಮ” ಎಂದೆ.

“ಬಂದೇ ಬರ್ತದ್ರಿ. ಊರೂರಾಗ ಜನ ನಮ್ಮನ್ನ ನೆನಸ್ಲಿಕ್ಕತ್ಯಾರ,” ಎಂದರು ಹಿರಿಯರು.

“ಬರ್ಲಿ. ಈ ಸಲ ನನ್ನ ಓಟೂ ನಿಮಗ,” ಎಂದರು ಆಕೆ.

ಹಿರಿಯರು ತಟ್ಟನೆ ಕಾಲು ಎಳೆದುಕೊಂಡರು. “ಈ ಸಲ ಅಂದ್ರ? ಹೋದ ಸಲ ನಮಗ ಹಾಕಿಲ್ಲೇನು?”

ಆಕೆ ನಗುತ್ತ ಕಾಲನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡರು.

“ಹೋದ ಸಲ ನಿಮ್ಮ ಕಾಲಾಗ ಚಪ್ಪಲಿ ಇದ್ವಲ್ರಿ.”