ಅಕ್ಕನ ಕಾಲು ಅಲ್ಲಾಡಿದ್ದು

ಅಕ್ಕನ ಕಾಲು ಅಲ್ಲಾಡಿದ್ದು ನರ ಚಿಗುರಿದ್ದಕ್ಕಲ್ಲ. ಅದು ನನಗೆ ಆ ಕ್ಷಣವೇ ಗೊತ್ತಿತ್ತು. ಗೊತ್ತಿದ್ದೂ ಹೌದೆಂದೆ. ನರವಿಜ್ಞಾನಿ ಎಂಬ ಹೆಸರು ಹೊತ್ತವಳು, ಹಾಸಿಗೆ ಹಿಡಿದ ಸ್ವಂತ ಅಕ್ಕನ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದೆ. ನೀವು ಏನು ಬೇಕಾದರೂ ಅನ್ನಿ.

ಗಿರಿಜಕ್ಕ ಯಲಬುರ್ಗಾ–ಕುಷ್ಟಗಿ ಬಸ್ಸಿನ ಕಂಡಕ್ಟರ್ ಆಗಿದ್ದಳು. ಎಂಥ ಬಾಯಿ ಅವಳದು! ಬಾಗಿಲಿಗೆ ಜೋತುಬಿದ್ದ ಕಾಲೇಜು ಹುಡುಗರು ಅವಳ ಒಂದೇ ಗದರಿಕೆಗೆ ತೆಪ್ಪಗೆ ಒಳಗೆ ಸರಿಯುತ್ತಿದ್ದರು. ರಜೆಯ ದಿನ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಲು ಹತ್ತಿದವಳು ಏಣಿ ಜಾರಿ ಅಂಗಳದ ಕಲ್ಲಿನ ಮೇಲೆ ಅಂಗಾತ ಬಿದ್ದಳು. ಬೆನ್ನುಹುರಿ ಕಡಿದುಹೋಗಿತ್ತು. ಸೊಂಟದ ಕೆಳಗೆ ಚಿವುಟಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಗಾಲಿಕುರ್ಚಿ ರೂಢಿ ಮಾಡಿಸಿ ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು.

ನಾನು ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ಬೆನ್ನುಹುರಿಗೆ ಪೆಟ್ಟಾದ ಇಲಿಗಳಲ್ಲಿ ನರ ಮತ್ತೆ ಬೆಳೆಯುತ್ತದೆಯೇ ಎಂದು ನೋಡುವುದೇ ನನ್ನ ಕೆಲಸ. ಬೆಳೆಯುತ್ತದೆ — ಒಂದಿಷ್ಟು. ಗಾಯದ ಕಲೆಯವರೆಗೆ ಬಂದು ನಿಂತುಬಿಡುತ್ತದೆ. ಅದನ್ನು ದಾಟಿಸುವುದು ನನ್ನಿಂದ ಇನ್ನೂ ಆಗಿಲ್ಲ.

ಕೆಲವು ತಿಂಗಳು ಕಳೆದು ನಾನು ಊರಿಗೆ ಹೋದಾಗ ಅವ್ವ ಅಕ್ಕನ ಮೈ ಒರೆಸುತ್ತಿದ್ದಳು. ಒದ್ದೆ ಬಟ್ಟೆ ಅಂಗಾಲಿಗೆ ತಾಗಿದ್ದೇ ತಡ, ಎಡಗಾಲು ತಟ್ಟನೆ ಮಡಚಿಕೊಂಡಿತು.

"ಅಯ್ಯ ಶಿವನ! ಕಾಲು ಎತ್ಯಾಳ ನೋಡವಾ!" ಅವ್ವ ಬಟ್ಟೆ ಬಿಟ್ಟು ನನ್ನ ತೋಳು ಹಿಡಿದಳು.

ಅಕ್ಕ ನನ್ನನ್ನೇ ನೋಡುತ್ತಿದ್ದಳು. "ಖರೇ ಹೇಳು. ನರ ಚಿಗುರಾಕತ್ಯಾವೇನು?"

ಅದು ಸೆಳೆತ. ಮೆದುಳಿನ ಸಂಪರ್ಕ ಕಡಿದ ಮೇಲೆ ಕಾಲು ತನ್ನಷ್ಟಕ್ಕೆ ತಾನೇ ಹಾಗೆ ಜಗ್ಗುತ್ತದೆ, ಎತ್ತಿದ್ದು ಅಕ್ಕನಲ್ಲ. ನನ್ನ ಇಲಿಗಳಲ್ಲಿ ದಿನಾ ನೋಡುವುದೇ. ಹೇಳಬೇಕಿತ್ತು.

"ಹೌದಕ್ಕ. ಚಿಗುರಾಕತ್ಯಾವ."

ಅವ್ವನ ಮುಖ ನೋಡಲಾರದೆ ಹಾಗೆಂದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ. ಇಷ್ಟೆಲ್ಲ ಓದಿ ಬರಿಗೈಯಲ್ಲಿ ಬಂದಿದ್ದೇನೆ ಎಂದು ಒಪ್ಪಿಕೊಳ್ಳಲು — ಥೂ, ನನಗೆ ನಾಚಿಕೆಯಾಗಿತ್ತು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ನೆರೆಯವರು ಬಂದು ನನಗೆ ಕೈಮುಗಿದರು. ಅದು ಹಿತವೆನಿಸಿತು, ಅದನ್ನೂ ಹೇಳಿಬಿಡುತ್ತೇನೆ.

ಅದೇ ವಾರ ಅಕ್ಕನ ಡಿಪೋದ ಮ್ಯಾನೇಜರು ಮನೆಗೆ ಬಂದರು. "ಗಿರಿಜಾ, ಆಫೀಸಿನ್ಯಾಗ ಕುಂತು ಮಾಡೋ ಕೆಲಸ ಒಂದು ಖಾಲಿ ಐತಿ. ಗಾಲಿಕುರ್ಚ್ಯಾಗ ಬಂದ್ರ ಸಾಕವಾ," ಎಂದರು.

"ಬ್ಯಾಡ್ರಿ ಸಾಹೇಬ್ರ. ಕುರ್ಚಿ ರೂಢಿ ಆದ್ರ ಕಾಲು ಮೈಗಳ್ಳ ಆಕ್ಕಾವ. ನಾ ಬಸ್ಸಿಗೇ ಬರ್ತೀನ್ರಿ. ನಮ್ಮ ತಂಗಿ ಹೇಳ್ಯಾಳ."

ನಾನು ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅವರು ನನ್ನತ್ತ ತಿರುಗಿ, "ಹೌದೇನ್ರಿ ಮೇಡಂ?" ಎಂದರು. ನಾನು — ತಲೆ ಆಡಿಸಿದೆ. ಆ ಕೆಲಸ ಬೇರೆಯವರಿಗೆ ಹೋಯಿತು.

ಆಮೇಲೆ ಫೋನಿನಲ್ಲಿ ಪ್ರತಿಸಲ ಅದೇ ಖುಷಿ: "ಇವತ್ತ ಎರಡೂ ಜಗ್ಗಿದ್ವು!" ಛಲೋ ಆತಕ್ಕ, ಎನ್ನುತ್ತಿದ್ದೆ. ಗಾಲಿಕುರ್ಚಿಯ ಮೇಲೆ ಅವ್ವ ಹಾಸಿಗೆ-ಹೊದಿಕೆ ಒಟ್ಟತೊಡಗಿದಳು. ಮಲಗಿ ಮಲಗಿ ಅಕ್ಕನ ಬೆನ್ನಿಗೆ ಹುಣ್ಣಾಯಿತು. ಒಂದೇ ಒಂದು ನರ ಆ ಕಲೆ ದಾಟಿದರೂ ನನ್ನ ಸುಳ್ಳು ನಿಜವಾದೀತೆಂದು ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತೆ. ದಾಟಲಿಲ್ಲ. ವರ್ಷಗಳೇ ಹೋದವು, ದಾಟಲಿಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅವ್ವ ಸಂತೆಗೆ ಹೋಗಿದ್ದಳು. ಅಕ್ಕನ ಹುಣ್ಣಿಗೆ ಮುಲಾಮು ಹಚ್ಚುತ್ತಿದ್ದೆ. ಇನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ — ಕಾಲು ಜಗ್ಗಿದ್ದೇಕೆ, ನಾನು ಹೌದೆಂದದ್ದೇಕೆ, ಮುಂದೆಯೂ ನನ್ನ ಕೈಯಲ್ಲಿ ಮದ್ದಿಲ್ಲ ಎಂಬುದನ್ನೂ. ಬಸ್ಸಿನಲ್ಲಿ ಗದರುತ್ತಿದ್ದ ಹಾಗೆ ಗದರುತ್ತಾಳೆಂದು ಕಾದೆ. ಗದರಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಮೊದಲನೇ ದಿನಾನ ಗೊತ್ತಿತ್ತೇನು ನಿನಗ?"

"ಗೊತ್ತಿತ್ತಕ್ಕ."

"ನಿನ್ನ ಇಲಿ ಕಾಲು ಹಿಂಗ ಜಗ್ಗಿದ್ರ ಏನಂತ ಬರಕೋತೀ?"

"ಸೆಳೆತ... ಗುಣ ಇಲ್ಲ, ಅಂತ."

ಅಕ್ಕ ಗೋಡೆಯತ್ತ ಮುಖ ತಿರುಗಿಸಿದಳು.

"ಇಲಿ ವಿಷಯದಾಗ ಖರೇ ಬರದೀ ಹಂಗಾರ," ಎಂದಳು.

ಹೌದು. ಅವುಗಳ ವಿಷಯದಲ್ಲಿ ಒಂದು ಸಲವೂ ಸುಳ್ಳು ಬರೆದಿಲ್ಲ.