ತೋಳಿನ ರಿಂಗ್
ಅಂತರಕಾಲೇಜು ಪಂದ್ಯ ಹತ್ತಿರ ಬಂತೆಂದರೆ ಬಾಸ್ಕೆಟ್‌ಬಾಲ್ ಕೋಚ್ ವಾದಿರಾಜರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಬರದೆ ಇರುತ್ತದೆಯೇ, ದೆಹಲಿಯಲ್ಲಿ ಮದುವೆಗಳ ಕಾಲವೂ ಅದೇ, ಕಾಲೇಜಿನವರು ಪ್ರತಿ ಸಲ ಕೋರ್ಟನ್ನು ಯಾರದೋ ಶಾಮಿಯಾನಕ್ಕೆ ಬಿಟ್ಟುಕೊಡುತ್ತಾರೆ. “ಹುಡುಗಿಯರ ಆಟ ತಾನೇ, ಅಡ್ಜಸ್ಟ್ ಮಾಡ್ಕೊಳ್ಳಿ,” ಎನ್ನುತ್ತಾರೆ ಪ್ರಿನ್ಸಿಪಾಲರು. “ಇವರ ಮಗಳ ಮಂಟಪ ಕಿತ್ತು ಅಡ್ಜಸ್ಟ್ ಮಾಡ್ಕೊಳ್ಳಿ ಅನ್ನಲಾ?” ಎಂದು ವಾದಿರಾಜರು ಕೆಂಡವಾಗಿ, ಮದುವೆಯವರದೇ ಕುರ್ಚಿಯನ್ನು ಪಾರ್ಕಿಂಗಿಗೆ ಎಳೆದು ತಂದು, ಅದರ ಮೇಲೆ ಹತ್ತಿ, ತೋಳುಗಳನ್ನು ತಲೆಯ ಮೇಲೆ ದುಂಡಗೆ ಬಳಸಿ ತಾವೇ ರಿಂಗ್ ಆಗಿ ನಿಲ್ಲುತ್ತಾರೆ. ಚೆಂಡು ಮುಖಕ್ಕೆ ಬಡಿದರೆ, “ಮೂಗಿಗೆ ಪಾಯಿಂಟ್ ಇಲ್ಲಮ್ಮಾ!” ಈ ಸಲ ಸೋತರೆ ಕಾಲೇಜಿನವರು ತಂಡವನ್ನೇ ಮುಚ್ಚುತ್ತಾರಂತೆ, ಅದನ್ನು ವಾದಿರಾಜರು ಹುಡುಗಿಯರಿಗೆ ಹೇಳಿಲ್ಲ. ಇವತ್ತು ಸಂಜೆಯಾದರೂ ಕುರ್ಚಿಯಿಂದ ಇಳಿಯದ ಅವರ ತೋಳು ನಡುಗುವುದನ್ನು ಕಂಡು ತಂಡದ ಹುಡುಗಿ ತನುಶ್ರೀ ಚೆಂಡು ಹಿಡಿದೇ ನಿಂತಳು. “ಸಾಕು ಸರ್, ಕೈ ನೋಯ್ತಿದೆ ನಿಮಗೆ.” “ಕೈ ಯಾಕೆ ನೋಡ್ತೀಯ? ರಿಂಗ್ ನೋಡಿ ಎಸಿ!”