ಉಡಿ ತುಂಬಿದ ಜ್ವಾಳ

ಅವ್ವ ಮದುವಿಯಾಗಿ ಗಬ್ಬೂರಿಗೆ ಬಂದಾಗ ಅಕಿ ಉಡಿಯಾಗ ಅಕ್ಕಿ ಬದಲಿ ಬಿಳಿಜ್ವಾಳ ಇತ್ತು. ಅವ್ವನ ಅವ್ವ, ನಮ್ಮಜ್ಜಿ, ತನ್ನ ಹೊಲದ ಜ್ವಾಳಾನೇ ತುಂಬಿ ಕಳಿಸಿದ್ದಳು. ಆ ಬೀಜ ಇವತ್ತಿಗೂ ನಮ್ಮ ಹೊಲದಾಗ ಅದ. ಮಳಿ ಕೈಕೊಟ್ಟ ವರ್ಷ ಸುತ್ತಲಿನ ಬೆಳಿಯೆಲ್ಲ ಸುಟ್ಟಂಗಾದ್ರೂ ಇದರ ಎಲಿ ಕಾಳು ಬಲಿಯೋತನಕ ಹಸರಾಗೇ ಇರ್ತದ. ಒಂದೇ ಕುಂದು: ದಂಟು ಭಾಳ ಎತ್ತರ, ಗಾಳಿ ಬಂತಂದ್ರ ಅಡ್ಡ ಬೀಳ್ತದ.

ನಾನು ರಾಯಚೂರಾಗ ಜ್ವಾಳದ ಹೊಸ ತಳಿ ಮಾಡೋ ಕೆಲಸದಾಕಿ. ಅವ್ವನ ಜ್ವಾಳ ತಾಯಿ, ಗಿಡ್ಡ ದಂಟಿನದು ತಂದಿ, ಹಿಂಗ ಕೂಡಿಸಿದೆ. ಮೊದಲ ಪೀಳಿಗಿ ಕೈಕೊಟ್ಟಿತು. ನೀರಿಲ್ಲದಾಗ ಅದೂ ಎಲ್ಲದರಂಗ ಒಣಗಿತು. ಅವ್ವ ನಕ್ಕಳು.

"ಅಪ್ಪನ ಕಡೀಗೆ ಹೋತು ಬಿಡು ನಿನ್ನ ಕೂಸು."

"ತಡಿಯಬೇ, ಗುಣ ಅಡಗಿರ್ತದ. ಮೊಮ್ಮಕ್ಕಳಾಗ ಹೊರಗ ಬರ್ತದ," ಅಂದೆ. ಬಾಯಿಲೆ ಅಂದೆ ಖರೆ, ಅಂಜಿಕಿ ನನಗೂ ಇತ್ತು. ಮುಂದಿನ ಬೆಳಿಯಾಗೂ ಕಾಣಲಿಲ್ಲಂದ್ರ ಈ ಕೆಲಸ ಕೈಬಿಡ್ರಿ ಅಂತ ನಮ್ಮ ಸಾಹೇಬರು ಹೇಳಿಬಿಟ್ಟಿದ್ದರು.

ಎರಡನೇ ಪೀಳಿಗಿ ಬೀಜ ಅರ್ಧ ಮಾನ್ವಿ ಕಡಿ ಒಬ್ಬ ರೈತರ ಹೊಲದಾಗ, ಅರ್ಧ ಅವ್ವನ ಹೊಲದಾಗ ಬಿತ್ತಿಸಿದೆ. ತೆನಿ ತುಂಬೋ ಹೊತ್ತಿಗೆ ಮಾನ್ವಿಗೆ ಹೋದ್ರ, ಯಪ್ಪಾ! ಸಾಲಿನಾಗ ನೀರು ನಿಂತಾವ.

"ಬೆಳಿ ಬಾಡಾಕತ್ತಿತ್ರೀ ಯವ್ವಾ, ನೋಡಾಕ ಆಗಲಿಲ್ಲ. ಕಾಲುವಿ ನೀರು ಬಿಟ್ಟೀನಿ," ಅಂದ್ರು ರೈತರು, ಪುಣ್ಯ ಕಟ್ಟಿಕೊಂಡವರಂಗ. ಬ್ಯಾಡ್ರಿ ಅಂತ ನೂರು ಸಲ ಹೇಳಿದ್ದೆ. ಹೊಟ್ಟಿತುಂಬ ನೀರು ಕುಡಿದ ಗಿಡದಾಗ ಯಾವುದು ಬರ ತಡೀತದ ಅಂತ ಹ್ಯಾಂಗ ಗೊತ್ತಾಗಬೇಕು? ಸಿಟ್ಟೂ ಬಂತು, ನಗೂನೂ ಬಂತು. ಅವರು ಕೊಟ್ಟ ಚಾ ಕುಡಿದು ಬಸ್ ಹಿಡಿದೆ.

ಗಬ್ಬೂರಾಗ ಕರಿಮಣ್ಣಿನ ಎರಿ ಹೊಲ ಬಾಯಿ ಬಿಟ್ಟಿತ್ತು. ಬೆಳಿ ಮುಕ್ಕಾಲು ಒಣಗಿತ್ತು. ನಡುನಡುವ ಮಾತ್ರ ಕೆಲವು ಗಿಡ ನಿಂತಿದ್ದವು ನೋಡ್ರಿ: ಗಿಡ್ಡ ದಂಟು, ತುಂಬಿದ ತೆನಿ, ಎಲಿ ಹಚ್ಚಗ!

"ಯವ್ವಾ, ಬಂದದ ಬೇ!" ಅಂತ ಚೀರಿದೆ. ಅಷ್ಟು ಹಿಗ್ಗು ನನಗ ಡಿಗ್ರಿ ಬಂದಾಗೂ ಆಗಿರಲಿಲ್ಲ. ಅವ್ವ ಎಲಿ ಸವರಿದಳು.

ಕಾಳು ಬಲಿತ ಮ್ಯಾಲೆ ಆ ತೆನಿಗೋಳಿಗೆ ಚೀಟಿ ಕಟ್ಟಿ, ಒಯ್ಯಾಕ ಚೀಲ ತೆಗದೆ.

"ಅದನ್ನ ಒಳಗಿಡು. ಉಡಿ ಒಡ್ಡು," ಅಂದಳು ಅವ್ವ.

ಚೂಡಿದಾರದಾಕಿಗೆ ಎಲ್ಲಿಯ ಉಡಿ? ವೇಲ್ ಚಾಚಿ ನಿಂತೆ. ಅವ್ವ ಒಂದೊಂದೇ ತೆನಿ ಹಾಕಿಕೋತ, ಕಣ್ಣು ಒರಸಿಕೋತ ಅಂದಳು: "ಹೇಳು ನಿಮ್ಮ ಸಾಹೇಬರಿಗೆ. ಇದು ನಮ್ಮವ್ವನ ಜ್ವಾಳ ಅಂತ."